ಬೀಡಿ ಸೇದೋ ಗೆಳೆಯನ ಶ್ವಾಸಕೋಶ ಗಟ್ಟಿ, ಸೇದದ ನನ್ನದು ಸೋತಿದೆ. ಇದು ಜೀನ್ ವಿಷಯವಾ?

ಬ್ರಾಂಚ್‌ಮನ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಅಗ್ನಿಶಾಮಕ ದಳದಲ್ಲಿ ಲೀಡಿಂಗ್ ಫೈರ್‌ಮನ್. ಠಾಣೆ ಹೆಸರು ಬೇಡ, ನಮ್ಮೋರೂ ಇಲ್ಲಿ ಓದ್ತಾರೆ. ವಯಸ್ಸು 41, ಎತ್ತರ 168 ಸೆಂ.ಮೀ., ತೂಕ 79 ಕೆ.ಜಿ. ಬೀಡಿ, ಸಿಗರೇಟು, ಗುಟ್ಕಾ ಯಾವುದೂ ಇಲ್ಲ.

ಇತ್ತೀಚೆಗೆ ಠಾಣೆಯವರಿಗೆಲ್ಲ ಹೆಲ್ತ್ ಕ್ಯಾಂಪ್ ಆಯ್ತು. ಮೂಗಿಗೆ ಕ್ಲಿಪ್ ಹಾಕಿ, ಕೊಳವೆಗೆ ಬಾಯಿ ಕೊಟ್ಟು ಜೋರಾಗಿ ಊದೋ ಪರೀಕ್ಷೆ ಇರುತ್ತಲ್ಲ, ಸ್ಪೈರೊಮೆಟ್ರಿ, ಅದರಲ್ಲಿ ನನ್ನ ಎಫ್‌ಇವಿ-1 ಬಂದಿದ್ದು 2.61 ಲೀಟರ್, ಎಫ್‌ವಿಸಿ 3.78. ನಾಲ್ಕು ವರ್ಷದ ಹಿಂದೆ ಇನ್ನೊಂದು ಕ್ಯಾಂಪಿನಲ್ಲಿ ಮಾಡಿಸಿದ್ದ ರಿಪೋರ್ಟ್ ಬೀರು ಹುಡುಕಿ ತೆಗೆದೆ, ಅದರಲ್ಲಿ ಎಫ್‌ಇವಿ-1 3.02 ಇತ್ತು. ಅಂದ್ರೆ 410 ಮಿ.ಲೀ. ಹೋಗಿದೆ. ಕ್ಯಾಂಪಿನ ಡಾಕ್ಟರು "ವಯಸ್ಸಾಗ್ತಾ ಬಂತಲ್ವಾ" ಅಂತ ಹೇಳಿ ಮುಂದಿನವರನ್ನ ಕರೆದರು.

ನನ್ನ ತಲೆ ಕೆಡಿಸಿರೋದು ಬ್ಯಾಚ್‌ಮೇಟ್ ಒಬ್ಬನ ರಿಪೋರ್ಟು. ಒಟ್ಟಿಗೇ ಟ್ರೇನಿಂಗ್ ಮುಗಿಸಿದೋರು, ಒಂದೇ ವಾಟರ್ ಟೆಂಡರ್, ಅಂದ್ರೆ ನೀರಿನ ಗಾಡಿ. ನಾನು ಬ್ರಾಂಚ್ (ನೀರು ಚಿಮ್ಮೋ ಪೈಪಿನ ತುದಿ) ಹಿಡಿದ್ರೆ ಅವನು ಹಿಂದೆ ಹೋಸ್ ಹಿಡೀತಾನೆ. ನಾನು ಕುಡಿದ ಹೊಗೆ ಎಲ್ಲಾ ಅವನೂ ಕುಡಿದಿದ್ದಾನೆ: ಹತ್ತಿ ಗೋದಾಮು, ಕೊಬ್ಬರಿ ಮಿಲ್ಲು, ವಾರಗಟ್ಟಲೆ ಹೊಗೆಯಾಡೋ ಕಸದ ಗುಡ್ಡೆ, ಒಂದು ಸಲ ಮೆಣಸಿನಕಾಯಿ ಗೋದಾಮು. ಆ ಮೆಣಸಿನಕಾಯಿ ಹೊಗೆಯಲ್ಲಿ ಕಣ್ಣು ಮೂಗು ಹಾಗಿರಲಿ, ಬೆವರು ಇಳಿದ ಕಡೆಯೆಲ್ಲ ಚರ್ಮ ಉರೀತಿತ್ತು. ಒದ್ದೆ ಟವೆಲ್ ಕಟ್ಕೊಂಡು ಒಳಗೆ ಹೋದ ನಾವಿಬ್ಬರೂ ಹೊರಗೆ ಬಂದು ಟೆಂಡರಿನ ಚಕ್ರಕ್ಕೆ ಒರಗಿ ವಾಂತಿ ಮಾಡಿದ್ವಿ. ಮೇಲಿಂದ ಅವನಿಗೆ ದಿನಕ್ಕೆ ಒಂದು ಕಟ್ಟು ಬೀಡಿ ಬೇಕು. ಅವನ ಎಫ್‌ಇವಿ-1 3.6! "ನೀನೂ ಸೇದೋಕೆ ಶುರು ಮಾಡು" ಅಂತ ಠಾಣೆಯಲ್ಲೆಲ್ಲ ತಮಾಷೆ.

ನಮ್ಮದು ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯೋ ಮನೆ. ಅಪ್ಪನಿಗೆ ದಮ್ಮು ಇತ್ತು. ಸೀಸನ್ನಿನಲ್ಲಿ ರಾತ್ರಿಯಿಡೀ ಸೊಪ್ಪು ಒಣಗಿಸೋ ಬ್ಯಾರನ್ ಒಲೆಗೆ ಸೌದೆ ತಳ್ಳಿ ಶಾಖ ನೋಡ್ಕೊಂಡೇ ಇರ್ತಿದ್ರು, ಐವತ್ತು ದಾಟೋ ಹೊತ್ತಿಗೆ ಜಗಲಿ ಹತ್ತಿದ್ರೆ ಸುಧಾರಿಸ್ಕೊಳ್ಳೋಕೆ ಕೂರಬೇಕಿತ್ತು. ದೊಡ್ಡಪ್ಪನಿಗೂ ಇದೇ ಕಾಯಿಲೆ. ಅಜ್ಜಿಗೆ ಮಾಗಿ ಕಾಲ ಬಂದ್ರೆ ಎದೆ ಸಿಳ್ಳೆ ಹೊಡೀತಿತ್ತಂತೆ. ಹಾಗಾಗಿ ಇದು ನಮ್ಮ ವಂಶದಲ್ಲೇ ಬಂದಿರೋದಾ ಅನ್ನೋ ಅನುಮಾನ.

ನ್ಯೂಯಾರ್ಕಿನ ಫೈರ್‌ಮನ್‌ಗಳ ಜೀನ್ ಪರೀಕ್ಷೆ ಮಾಡಿ ಯಾರ ಶ್ವಾಸಕೋಶ ಬೇಗ ಹಾಳಾಗುತ್ತೆ ಅಂತ ಕಂಡುಹಿಡಿದಿದ್ದಾರೆ ಅಂತ ಒಂದು ವಿಡಿಯೋ ನೋಡಿದೆ. ಆನ್‌ಲೈನಲ್ಲಿ ಎಂಜಲು ಕಳಿಸಿದ್ರೆ ಶ್ವಾಸಕೋಶದ ಜೀನ್ ರಿಪೋರ್ಟ್ ಕೊಡೋ ಕಿಟ್ ಕೂಡ ಇದೆಯಂತೆ. ತರಿಸಲಾ? ಇನ್ನೊಂದು, ಮಗ ಪಿಯುಸಿ ಮುಗಿಸಿ ಇದೇ ಕೆಲಸಕ್ಕೆ ಬರ್ತೀನಿ ಅಂತ ಕೂತಿದ್ದಾನೆ. ಜೀನಲ್ಲೇ ಇದ್ರೆ ಅವನಿಗೆ ಈಗಲೇ ಬೇಡ ಅನ್ನೋದು ಒಳ್ಳೇದಲ್ವಾ? ತಿಳಿದವರು ಹೇಳಿ.

ಮನೆಮದ್ದು ಪ್ರಿಯ ಬರೆದದ್ದು:

ಆಡುಸೋಗೆ ಸೊಪ್ಪಿನ ಕಷಾಯಕ್ಕೆ ಜೇನುತುಪ್ಪ ಹಾಕಿ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿಯಿರಿ. ಶ್ವಾಸಕೋಶ ಪೂರ್ತಿ ಕ್ಲೀನ್. ಜೀನ್ ಗೀನ್ ಎಲ್ಲ ಲ್ಯಾಬಿನವರ ದುಡ್ಡಿನ ಆಟ.

ಎದೆರೋಗ ವೈದ್ಯ ಬರೆದದ್ದು:

ಆಡುಸೋಗೆಯಿಂದ ಕಫ ಸಡಿಲವಾಗಬಹುದು, ಕುಡಿಯಿರಿ, ಜಗಳವಿಲ್ಲ. ಆದರೆ 410 ಮಿ.ಲೀ. ವಾಪಸ್ ಬರುವುದಿಲ್ಲ.

ಮೊದಲು ನಿಮ್ಮ ಗೆಳೆಯನ 3.6ರ ವಿಷಯ ಮುಗಿಸೋಣ, ಯಾಕೆಂದರೆ ನಿಮ್ಮ ಅನುಮಾನವೆಲ್ಲ ನಿಂತಿರುವುದು ಅದರ ಮೇಲೆ. ಎಫ್‌ಇವಿ-1 ಅಂದರೆ ಎದೆ ತುಂಬ ಉಸಿರೆಳೆದು ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಹೊರಬರುವ ಗಾಳಿ. ಎತ್ತರದ ಆಳಿಗೆ ಅದು ಹೆಚ್ಚೇ ಇರುತ್ತದೆ. ಇಪ್ಪತ್ತೈದರ ಆಸುಪಾಸಿನಲ್ಲಿ ತುತ್ತತುದಿ ಮುಟ್ಟಿ, ಆಮೇಲೆ ಆರೋಗ್ಯವಂತರಲ್ಲೂ ವರ್ಷಕ್ಕೆ 25–30 ಮಿ.ಲೀ. ಇಳಿಯುತ್ತ ಹೋಗುತ್ತದೆ. ಆತ ಆರಡಿ ಆಳಾಗಿದ್ದು 4.2ರಿಂದ 3.6ಕ್ಕೆ ಇಳಿದಿದ್ದರೆ ನಿಮಗಿಂತ ಜಾಸ್ತಿ ಕಳೆದುಕೊಂಡಿದ್ದಾನೆ. ಕೈಯಲ್ಲಿ ಇನ್ನೂ ಉಳಿದಿರುವುದರಿಂದ ಗೊತ್ತಾಗುತ್ತಿಲ್ಲ, ಅಷ್ಟೇ. ಆತನ ಹಳೇ ರಿಪೋರ್ಟ್ ನೋಡಿದ ಮೇಲೆ ಯಾರದು ಗಟ್ಟಿ ಅಂತ ಮಾತಾಡೋಣ.

ಈಗ ನಿಮ್ಮದು. ವಯಸ್ಸಿನ ಲೆಕ್ಕಕ್ಕೆ ನಾಲ್ಕು ವರ್ಷದಲ್ಲಿ ಹೋಗಬೇಕಾದದ್ದು ಹೆಚ್ಚೆಂದರೆ 120 ಮಿ.ಲೀ. ಎಫ್‌ಇವಿ-1ನ್ನು ಎಫ್‌ವಿಸಿಯಿಂದ, ಅಂದರೆ ಒಂದೇ ಉಸಿರಿಗೆ ಊದಿದ ಒಟ್ಟು ಗಾಳಿಯಿಂದ, ಭಾಗಿಸಿದರೆ 0.69 ಬರುತ್ತದೆ. 0.70ಕ್ಕಿಂತ ಕೆಳಗಿದ್ದರೆ ಶ್ವಾಸನಾಳ ಕಿರಿದಾಗಿದೆಯೇ ಎಂದು ನೋಡುವುದು ನಮ್ಮ ರೂಢಿ. ಗಡಿಯಲ್ಲಿದ್ದೀರಿ. ವಯಸ್ಸಾಯಿತು ಎಂದು ಕಳಿಸಿಬಿಡುವ ಅಂಕಿ ಇದಲ್ಲ. ಹಾಗೆಂದು ಎರಡು ಬೇರೆ ಕ್ಯಾಂಪು, ಎರಡು ಬೇರೆ ಯಂತ್ರ, ಊದಿಸಿದವರೂ ಬೇರೆ. ಸರಿಯಾದ ಪರೀಕ್ಷೆಯಲ್ಲಿ ಕನಿಷ್ಠ ಮೂರು ಸಲ ಊದಿಸಿ, ಅದರಲ್ಲಿ ಅತಿ ಹೆಚ್ಚು ಬಂದ ಎರಡು 150 ಮಿ.ಲೀ. ಒಳಗೆ ಹೊಂದಬೇಕು. ಕ್ಯಾಂಪಿನ ಗಡಿಬಿಡಿಯಲ್ಲಿ ಒಂದೇ ಸಲ ಊದಿಸಿ ಕಳಿಸುವುದನ್ನು ನಾನೇ ಕಂಡಿದ್ದೇನೆ. ಆದ್ದರಿಂದ ಮೊದಲ ಕೆಲಸ, ಒಳ್ಳೆಯ ಕಡೆ ಮತ್ತೆ ಮಾಡಿಸುವುದು. ಅದೂ ಶ್ವಾಸನಾಳ ಸಡಿಲಿಸುವ ಸಾಲ್‌ಬುಟಮಾಲ್ ಔಷಧಿ ಕೊಡುವ ಮೊದಲು ಒಮ್ಮೆ, ಕೊಟ್ಟು ಹದಿನೈದು ನಿಮಿಷವಾದ ಮೇಲೆ ಒಮ್ಮೆ. ಔಷಧಿಯ ನಂತರ ಎಫ್‌ಇವಿ-1 ಗಣನೀಯವಾಗಿ ಏರಿದರೆ ಕಥೆಯೇ ಬೇರೆ, ಅದು ಅಸ್ತಮಾ ಕಡೆ ಕೈ ತೋರಿಸುತ್ತದೆ.

ಜೀನ್ ವಿಷಯಕ್ಕೆ ಬಂದರೆ, ಒಂದೇ ಒಂದು ಜೀನಿನ ಬಗ್ಗೆ ನಾನು ಖಾತ್ರಿಯಾಗಿ "ಪರೀಕ್ಷೆ ಮಾಡಿಸಿ" ಅನ್ನುತ್ತೇನೆ. ಆಲ್ಫಾ-1 ಆಂಟಿಟ್ರಿಪ್ಸಿನ್. ಹೆಸರು ಉದ್ದ, ಕೆಲಸ ಸರಳ. ಹೊಗೆ ಒಳಗೆ ಹೋದಾಗ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಶ್ವಾಸಕೋಶಕ್ಕೆ ನುಗ್ಗಿ ಎಲಾಸ್ಟೇಸ್ ಎಂಬ ಕಿಣ್ವ ಸುರಿಯುತ್ತವೆ. ಬೆಂಕಿ ಮನೆಯಲ್ಲಿ ನೀವು ಕೊಡಲಿ ಹಿಡಿದು ಬಾಗಿಲು ಒಡೆಯುತ್ತೀರಲ್ಲ, ಅಂಥದೇ ಕೆಲಸ. ಆದರೆ ಸಾಕು ನಿಲ್ಲಿಸು ಅನ್ನುವವರು ಬೇಕು, ಇಲ್ಲದಿದ್ದರೆ ಗೋಡೆಯೂ ಉಳಿಯುವುದಿಲ್ಲ. ಲಿವರ್‌ನಲ್ಲಿ ತಯಾರಾಗಿ ರಕ್ತದ ಮೂಲಕ ಬಂದು ಎಲಾಸ್ಟೇಸನ್ನು ತಡೆಯುವ ಪ್ರೋಟೀನ್ ಈ ಆಂಟಿಟ್ರಿಪ್ಸಿನ್. ಇದರ ಜೀನ್ ಇರುವುದು 14ನೇ ವರ್ಣತಂತುವಿನಲ್ಲಿ. ತಂದೆಯಿಂದ ಒಂದು ಪ್ರತಿ, ತಾಯಿಯಿಂದ ಒಂದು. ಸಾಮಾನ್ಯ ಪ್ರತಿಗೆ ಎಂ ಎಂದು ಹೆಸರು. ಝಡ್ ಎಂಬ ದೋಷದ ಪ್ರತಿ ಎರಡೂ ಕಡೆಯಿಂದ ಬಂದರೆ ಪ್ರೋಟೀನ್ ಲಿವರ್‌ನಲ್ಲೇ ಸಿಕ್ಕಿಕೊಂಡು ರಕ್ತಕ್ಕೆ ತೀರಾ ಕಡಿಮೆ ಬರುತ್ತದೆ. ಅಂಥವರಿಗೆ ಸಿಗರೇಟು ಸೇರಿದರೆ ನಲವತ್ತರ ಹರೆಯದಲ್ಲೇ ಎಂಫಿಸಿಮಾ, ಅಂದರೆ ಶ್ವಾಸಕೋಶದ ಗಾಳಿಚೀಲಗಳ ಗೋಡೆಯೇ ಹಾಳಾಗುವ ಕಾಯಿಲೆ. 1963ರಲ್ಲಿ ಸ್ವೀಡನ್ನಿನ ಲಾರೆಲ್ ಮತ್ತು ಎರಿಕ್ಸನ್ ಎಂಬಿಬ್ಬರು ಇದನ್ನು ಪತ್ತೆ ಮಾಡಿದರು.

ಫೈರ್‌ಮನ್‌ಗಳಿಗೆ ಇದು ಯಾಕೆ ಮುಖ್ಯ ಅಂದರೆ, ಹೊಗೆ ಎರಡೂ ಕಡೆಯಿಂದ ಹೊಡೆಯುತ್ತದೆ. ನ್ಯೂಟ್ರೊಫಿಲ್‌ಗಳನ್ನು ಕರೆಯುವುದೂ ಅದೇ; ಜೊತೆಗೆ ಹೊಗೆಯಲ್ಲಿನ ಆಕ್ಸಿಡೆಂಟ್‌ಗಳು ಆಂಟಿಟ್ರಿಪ್ಸಿನ್‌ನ 358ನೇ ಸ್ಥಾನದಲ್ಲಿರುವ ಮಿಥಿಯೊನೀನನ್ನು ಕೆಡಿಸಿ, ಅದು ಎಲಾಸ್ಟೇಸನ್ನು ಹಿಡಿಯದಂತೆ ಮಾಡುತ್ತವೆ. ಪ್ರೋಟೀನ್ ಸಾಕಷ್ಟು ಇದ್ದವರು ತಡೆದುಕೊಳ್ಳುತ್ತಾರೆ, ಮೊದಲೇ ಕೊರತೆ ಇದ್ದವರಿಗೆ ತಡೆಯುವ ಶಕ್ತಿಯೇ ಇರುವುದಿಲ್ಲ.

ಆದರೆ ಝಡ್ ಪ್ರತಿ ಉತ್ತರ ಯುರೋಪಿನವರಲ್ಲಿ ಹೆಚ್ಚು, ನಮ್ಮಲ್ಲಿ ಬಲು ಅಪರೂಪ. ನಿಮ್ಮಲ್ಲಿ ಇರುವ ಸಾಧ್ಯತೆ ಕಡಿಮೆ. ಆದರೂ ಮಾಡಿಸಿ ಅನ್ನುತ್ತಿರುವುದು ಅದು ಎಂಜಲು ಕಿಟ್ ಅಲ್ಲ, ಸಾಧಾರಣ ರಕ್ತ ಪರೀಕ್ಷೆ ಅನ್ನುವ ಕಾರಣಕ್ಕೆ. ಪ್ರಮಾಣ ಕಡಿಮೆ ಬಂದರೆ ಮಾತ್ರ ಜೀನ್ ನೋಡಬೇಕು. ಜ್ವರ, ನೆಗಡಿ ಇದ್ದಾಗ ಹೋಗಬೇಡಿ. ದೇಹದಲ್ಲಿ ಉರಿಯೂತವಿದ್ದರೆ ಈ ಪ್ರೋಟೀನ್ ತಾನಾಗಿ ಏರಿ, ಕೊರತೆ ಇದ್ದರೂ ಮುಚ್ಚಿಹಾಕುತ್ತದೆ. ಅದಕ್ಕೇ ಜೊತೆಯಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ ಪರೀಕ್ಷೆ ಕೂಡ ಬರೆಸಿಕೊಳ್ಳಿ. ರಕ್ತಕಣ ಎಣಿಸುವ ಸಿಬಿಸಿಯನ್ನೂ ಮಾಡಿಸಿ, ಅಲರ್ಜಿ, ಅಸ್ತಮಾದಲ್ಲಿ ಏರುವ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣ ಎಷ್ಟಿದೆ ನೋಡಬೇಕು.

ನಿಮ್ಮ ಅಪ್ಪ, ದೊಡ್ಡಪ್ಪನ ದಮ್ಮು ವಂಶದ್ದೋ ಬ್ಯಾರನ್ನಿನದ್ದೋ ಈಗ ಹೇಳುವುದು ಕಷ್ಟ. ಒಂದೇ ಮನೆಯವರಿಗೆ ರಕ್ತವೂ ಒಂದೇ, ಹೊಗೆಯೂ ಒಂದೇ. ಆದರೆ ಅಜ್ಜಿಯ ಬಗ್ಗೆ ಬರೆದಿದ್ದೀರಲ್ಲ, ಮಾಗಿಯಲ್ಲಿ ಮಾತ್ರ ಸಿಳ್ಳೆ, ಆ ಮಾತು ನನ್ನ ಕಿವಿ ನಿಮಿರಿಸಿತು.

ಹಳೇ ಹುಲಿ ಧಾರವಾಡ ಬರೆದದ್ದು:

ನಾ ಠಾಣಾಧಿಕಾರಿ ಆಗಿ ರಿಟೈರ್ ಆದಾಂವ. ಡಾಕ್ಟರ್ ಸಾಹೇಬ್ರು ಹೇಳಿದ್ದು ಖರೆ ಇರಬೇಕು. ಆದ್ರ ತಮ್ಮಾ, ಜೀನ್ ಹುಡುಕೂದಕ್ಕಿಂತ ಮೊದಲ ನಿನ್ನ ಮಾರಿ ಮ್ಯಾಲೆ ಮಾಸ್ಕ್ ಎಷ್ಟೊತ್ತು ಇರ್ತದ ಅನ್ನೂದು ಹೇಳು.

ನಮ್ಮ ಮಂದಿ ಬಿಎ ಸೆಟ್, ಅಂದ್ರ ಬೆನ್ನಿಗೆ ಗಾಳಿ ಸಿಲಿಂಡರ್ ಇರೂ ಮಾಸ್ಕ್, ಹಾಕ್ಕೊಳ್ಳೂದು ಯಾವಾಗ? ಕಟ್ಟಡದಾಗ ಯಾರರೆ ಸಿಕ್ಕೊಂಡಾರ ಅಂದ್ರ ಮಾತ್ರ. ಗೋದಾಮು, ಕಸದ ಗುಡ್ಡಿ ಅಂದ್ರ ಟವೆಲ್ ಸುತ್ತಿ ನಡದಬಿಡ್ತೀರಿ. ಟವೆಲ್ಲು ಬೂದಿ ಹಿಡೀತದ, ಕಾರ್ಬನ್ ಮಾನಾಕ್ಸೈಡ್ ಹಿಡೀತದೇನು? ಸೋಫಾ, ಹಾಸಿಗಿ ಫೋಮ್ ಸುಟ್ರ ಸೈನೈಡ್ ಬರ್ತದ, ಅದನ್ನ ಹಿಡೀತದೇನು? ಇನ್ನ ಬೆಂಕಿ ಆರಿದ ಮ್ಯಾಲಿನ ಕಥಿ ಕೇಳು. ಡ್ಯಾಂಪಿಂಗ್ ಡೌನ್ ಅಂತೀವಲ್ಲ, ಬೂದಿ ಕೆದರಿ ನೀರು ಹೊಡಿಯೂದು, ತಾಸುಗಟ್ಟಲೆ ನಡೀತದ. ಉರಿ ಕಾಣಂಗಿಲ್ಲ ಅಂತ ಎಲ್ಲಾರೂ ಮಾಸ್ಕ್ ತಗದು, ಅಲ್ಲೇ ನಿಂತು ಚಾ ಕುಡೀತಾರ. ಸಣ್ಣ ಧೂಳು, ಅಕ್ರೋಲಿನ್ ಅನ್ನೂ ಉರಿ ತರೂ ಗ್ಯಾಸು, ಎಲ್ಲಾ ಆವಾಗೂ ಬರ್ತಿರ್ತದ. ಆರು ಲೀಟರಿನ ಸಿಲಿಂಡರ್‌ನಾಗ 300 ಬಾರ್ ಒತ್ತಡಕ್ಕ 1800 ಲೀಟರ್ ಗಾಳಿ. ಬಿರುಸಿನ ಕೆಲಸದಾಗ ಅರ್ಧ ತಾಸಿನ್ಯಾಗ ಗಾಳಿ ಮುಗೀಲಿಕ್ಕೆ ಬಂತು ಅಂತ ಸೀಟಿ ಊದತದ. ಅದು ಡ್ಯಾಂಪಿಂಗಿಗೆ ಎಲ್ಲಿ ಸಾಲಬೇಕು? ನಾ ಇದ್ದ ಠಾಣೇದಾಗ ಸೆಟ್ ಕಡಿಮಿ, ಮಂದಿ ಜಾಸ್ತಿ. ಅದು ಬ್ಯಾರೆ ಮಾತು, ಬರೀಲಿಕ್ಕೆ ಕುಂತ್ರ ಮುಗಿಯಂಗಿಲ್ಲ.

2022ರಾಗ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಏಜೆನ್ಸಿ, ಐಎಆರ್‌ಸಿ, ಬೆಂಕಿ ಆರಿಸೂ ಕೆಲಸಾನೇ ಕ್ಯಾನ್ಸರ್ ತರೂ ಕೆಲಸ ಅಂತ ಒಂದನೇ ಗುಂಪಿಗೆ ಹಾಕೇದ. ಒಬ್ಬೊಬ್ಬರ ಜೀನ್ ನೋಡಿ ಹಾಕಿಲ್ಲ, ಕೆಲಸ ನೋಡಿ ಹಾಕೇದ.

ನನಗ ಅಂಜಿಕಿ ಇರೂದು ಇನ್ನೊಂದು. ನಾಳೆ ಒಬ್ಬ ಹುಡುಗನ ಎದಿ ಕೆಟ್ಟು ಪರಿಹಾರ ಕೇಳಿದ್ರ, "ನಿನ್ನ ರಕ್ತದಾಗೇ ಇತ್ತಲ್ಲೋ, ನಮ್ಮದೇನು ತಪ್ಪು" ಅನ್ನಲಿಕ್ಕೆ ಒಂದು ಕಾಗದ ಸಿಕ್ಕಂಗ ಆಗ್ತದ. ಜೀನ್ ರಿಪೋರ್ಟ್ ತಗಸೂ ಮುಂದ ಅದು ಯಾರ ಕೈಗೆ ಹೋಗ್ತದ ಅಂತ ವಿಚಾರ ಮಾಡು.

ಹಡ್ಸನ್ ದಂಡೆ ಬರೆದದ್ದು:

ಶಿವಮೊಗ್ಗದವಳು, ಈಗ ನ್ಯೂಜೆರ್ಸಿ. ಡಿಎನ್‌ಎ ಸೀಕ್ವೆನ್ಸಿಂಗ್ ನನ್ನ ಹೊಟ್ಟೆಪಾಡು. ನ್ಯೂಯಾರ್ಕ್ ಫೈರ್‌ಮನ್‌ಗಳ ಅಧ್ಯಯನಗಳಲ್ಲಿ ನನ್ನ ಕೈವಾಡವಿಲ್ಲ, ಆದರೆ ಅವನ್ನು ಓದುವ ಚಟವಿದೆ. ವಿಡಿಯೋದಲ್ಲಿ ಹೇಳಿದ್ದಕ್ಕೂ ಅಲ್ಲಿ ನಿಜವಾಗಿ ನಡೆದದ್ದಕ್ಕೂ ಸ್ವಲ್ಪ ದೂರವಿದೆ.

2001ರ ಸೆಪ್ಟೆಂಬರ್ 11ರಂದು ವಿಮಾನ ದಾಳಿಗೆ ವರ್ಲ್ಡ್ ಟ್ರೇಡ್ ಸೆಂಟರ್ ಕುಸಿದಾಗ ನ್ಯೂಯಾರ್ಕ್ ಅಗ್ನಿಶಾಮಕ ಇಲಾಖೆಯ 343 ಮಂದಿ ಸತ್ತರು. ಉಳಿದವರು ತಿಂಗಳುಗಟ್ಟಲೆ ಆ ಅವಶೇಷದಲ್ಲಿ ಕೆಲಸ ಮಾಡಿದರು. ಆ ಧೂಳು ಮಾಮೂಲಿ ಹೊಗೆಯಲ್ಲ: ಸಿಮೆಂಟು, ಜಿಪ್ಸಂ, ಗಾಜಿನ ನಾರು ಪುಡಿಯಾಗಿ ಬೆರೆತು ಸುಣ್ಣದ ಹಾಗೆ ಕ್ಷಾರವಾಗಿತ್ತು. ಆ ಇಲಾಖೆಯವರು ಮಾಡಿದ್ದ ಪುಣ್ಯದ ಕೆಲಸವೆಂದರೆ, ದುರಂತಕ್ಕೆ ಮೊದಲೇ ಪ್ರತಿಯೊಬ್ಬರಿಗೂ ನಿಯಮಿತ ಸ್ಪೈರೊಮೆಟ್ರಿ ಮಾಡಿಸಿ ದಾಖಲೆ ಇಟ್ಟಿದ್ದು. ಹಾಗಾಗಿ ಹಿಂದೆ ಎಷ್ಟಿತ್ತು, ಈಗ ಎಷ್ಟಿದೆ ಎಂದು ಪ್ರತಿಯೊಬ್ಬರನ್ನೂ ಅವರವರ ಜೊತೆಗೇ ಹೋಲಿಸಲು ಸಾಧ್ಯವಾಯಿತು. ಸುಮಾರು 12,800 ಮಂದಿಯನ್ನು ಏಳು ವರ್ಷ ಹಿಂಬಾಲಿಸಿ 2010ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಸಿಗರೇಟು ಸೇದದವರನ್ನು ಮಾತ್ರ ನೋಡಿದರೂ ಫೈರ್‌ಮನ್‌ಗಳ ಎಫ್‌ಇವಿ-1 ಮೊದಲ ವರ್ಷದಲ್ಲೇ ಸರಾಸರಿ 439 ಮಿ.ಲೀ. ಇಳಿಯಿತು. ಆಂಬುಲೆನ್ಸ್ ಸಿಬ್ಬಂದಿಯದು 267. ಆಮೇಲಿನ ವರ್ಷಗಳಲ್ಲಿ ಅದು ಹೆಚ್ಚೇನೂ ವಾಪಸ್ ಬರಲಿಲ್ಲ.

ಸರಾಸರಿ ಹಾಗಿದ್ದರೂ ಎಲ್ಲರಿಗೂ ಒಂದೇ ಥರ ಆಗಲಿಲ್ಲ. ನೀವು ಕೇಳುತ್ತಿರುವ ಪ್ರಶ್ನೆಯನ್ನೇ ಅವರೂ ಕೇಳಿಕೊಂಡರು, ಒಂದೇ ಧೂಳಲ್ಲಿ ಇಬ್ಬರಿಗೆ ಎರಡು ಗತಿ ಯಾಕೆ ಅಂತ. ನೂರರೊಳಗಿನ ಸಣ್ಣ ಗುಂಪೊಂದರಲ್ಲಿ ಆಲ್ಫಾ-1 ಆಂಟಿಟ್ರಿಪ್ಸಿನ್ ನೋಡಿದಾಗ, ಮಧ್ಯಮ ಕೊರತೆಯ ಜೀನ್ ಇದ್ದವರು ಸಾಮಾನ್ಯ ಜೀನಿನವರಿಗಿಂತ ಸುಮಾರು ಮೂರು ಪಟ್ಟು ವೇಗವಾಗಿ ಎಫ್‌ಇವಿ-1 ಕಳೆದುಕೊಳ್ಳುತ್ತಿದ್ದರು. ವಿಡಿಯೋದವರು ಹಿಡಿದುಕೊಂಡಿರುವುದು ಬಹುಶಃ ಇದನ್ನೇ. ಆದರೆ ಅಂಥ ಜೀನ್ ಇದ್ದವರು ಆ ಗುಂಪಿನಲ್ಲೇ ಬೆರಳೆಣಿಕೆಯಷ್ಟು.

ಇನ್ನೊಂದು ಸಾರ್ಕಾಯ್ಡೋಸಿಸ್. ಶ್ವಾಸಕೋಶದಲ್ಲಿ ಸಣ್ಣ ಸಣ್ಣ ಗಂಟು ಕಟ್ಟುವ ಕಾಯಿಲೆ. 1985ರಿಂದ 1998ರವರೆಗೆ ಅಲ್ಲಿನ ಫೈರ್‌ಮನ್‌ಗಳಲ್ಲಿ ವರ್ಷಕ್ಕೆ ಲಕ್ಷಕ್ಕೆ 13ರಂತೆ ಇದ್ದದ್ದು, ದುರಂತದ ನಂತರದ ಮೊದಲ ವರ್ಷ ಲಕ್ಷಕ್ಕೆ 86ಕ್ಕೆ ಏರಿತು. ಆ ರೋಗಿಗಳಲ್ಲಿ ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ಎಚ್‌ಎಲ್‌ಎ ಜೀನಿನ ಕೆಲವು ರೂಪಗಳು ಹೆಚ್ಚಾಗಿ ಕಂಡವು. ಧೂಳಿಲ್ಲದೆ ಆ ಜೀನ್ ಇಷ್ಟು ಜನರಿಗೆ ಒಮ್ಮೆಲೇ ಕಾಯಿಲೆ ತರುತ್ತಿರಲಿಲ್ಲ ಅನ್ನುವುದನ್ನು ಮರೆಯಬೇಡಿ. ಅರಿಜೋನದ ಫೀನಿಕ್ಸ್‌ನಲ್ಲಿ ಮಾಮೂಲಿ ಬೆಂಕಿಗೆ ಹೋಗುವ ಫೈರ್‌ಮನ್‌ಗಳ ಮೇಲೂ ಕೆಲಸ ನಡೆದಿದೆ. ಉರಿಯೂತವನ್ನು ಏರಿಸಿ ಇಳಿಸುವ ಟಿಎನ್‌ಎಫ್, ಟಿಜಿಎಫ್ ಬೀಟಾ ಥರದ ಜೀನ್‌ಗಳ ರೂಪಕ್ಕೂ ಶ್ವಾಸಕೋಶ ಸವೆಯುವ ವೇಗಕ್ಕೂ ನಂಟು ಸಿಕ್ಕಿತು. ಒಬ್ಬ ವ್ಯಕ್ತಿಯ ಭವಿಷ್ಯ ಹೇಳುವಷ್ಟು ಬಲವಾದ ನಂಟಲ್ಲ.

ಈಗ ನಿಮ್ಮ ಎಂಜಲು ಕಿಟ್. ತರಿಸಬೇಡಿ. 2023ರಲ್ಲಿ ಪ್ರಕಟವಾದ, 5.8 ಲಕ್ಷ ಜನರ ಅಧ್ಯಯನದಲ್ಲಿ ಶ್ವಾಸಕೋಶದ ಸಾಮರ್ಥ್ಯಕ್ಕೆ ಸಂಬಂಧಿಸಿದ 1,020 ಜೆನೆಟಿಕ್ ಸಂಕೇತಗಳು ಸಿಕ್ಕವು. ಒಂದೊಂದರ ಪಾಲು ಕೂದಲೆಳೆಯಷ್ಟು. ಅದರಲ್ಲಿದ್ದವರಲ್ಲಿ ದೊಡ್ಡ ಪಾಲು ಯುರೋಪ್ ಮೂಲದವರು. ಅಂಥ ಲೆಕ್ಕವನ್ನು ಪಿರಿಯಾಪಟ್ಟಣದ ಮನೆತನಕ್ಕೆ ಹಾಕಿ "ನಿಮ್ಮ ಅಪಾಯ ಶೇ. ಇಷ್ಟು" ಅಂತ ಪ್ರಿಂಟ್ ಹಾಕಿದರೆ ಅದನ್ನು ನಾನಂತೂ ನಂಬುವುದಿಲ್ಲ, ಇದೇ ಕೆಲಸ ಮಾಡುವವಳಾಗಿ.

ಅದೇ ನ್ಯೂಯಾರ್ಕ್ ಗುಂಪಿನಿಂದ ಬಂದ, ಯಾರೂ ವಿಡಿಯೋ ಮಾಡದ ಸಂಗತಿ ಹೇಳಲಾ? ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಹೆಚ್ಚು, ಒಳ್ಳೆ ಕೊಲೆಸ್ಟ್ರಾಲ್ ಕಡಿಮೆ ಇದ್ದವರ ಶ್ವಾಸಕೋಶ ಮುಂದೆ ಕೆಡುವ ಸಂಭವ ಹೆಚ್ಚಿತ್ತು. ರಕ್ತದಲ್ಲಿ ಇಯೊಸಿನೊಫಿಲ್ ಹೆಚ್ಚಿದ್ದವರಲ್ಲೂ ಹಾಗೆಯೇ. ಇವನ್ನು ಬದಲಿಸಬಹುದು, ಚಿಕಿತ್ಸೆ ಕೊಡಬಹುದು.

ಹಳೇ ಹುಲಿ ಅವರ ಅಂಜಿಕೆ ಸುಳ್ಳಲ್ಲ. ಇಲ್ಲಿ 2008ರಿಂದ ಗೀನಾ ಎಂಬ ಕಾನೂನಿದೆ, ಕೆಲಸ ಕೊಡುವವರು ಜೀನ್ ರಿಪೋರ್ಟ್ ಕೇಳುವಂತಿಲ್ಲ, ಅದರ ಮೇಲೆ ಕೆಲಸದಿಂದ ತೆಗೆಯುವಂತಿಲ್ಲ. ಭಾರತದಲ್ಲಿ 2018ರಲ್ಲಿ ವಿಮಾ ನಿಯಂತ್ರಕರು ಜೆನೆಟಿಕ್ ಕಾಯಿಲೆ ಅನ್ನುವ ನೆಪಕ್ಕೆ ಆರೋಗ್ಯ ವಿಮೆಯ ಕ್ಲೇಮ್ ತಳ್ಳಬಾರದೆಂದು ಕಂಪನಿಗಳಿಗೆ ಸೂಚಿಸಿದರು. ಅದು ವಿಮೆಯ ಮಾತಾಯಿತು, ಕೆಲಸದ್ದಲ್ಲ.

ಬ್ರಾಂಚ್‌ಮನ್ ಬರೆದದ್ದು:

ಎಲ್ಲರಿಗೂ ಥ್ಯಾಂಕ್ಸ್. ಕಿಟ್ ತರಿಸಲಿಲ್ಲ. ಉತ್ತರ ಕೊಡೋಕೆ ತಡ ಆಯ್ತು, ರಿಪೋರ್ಟ್‌ಗಳಿಗೆ ಕಾಯ್ತಿದ್ದೆ.

ಮೊದಲು ಬ್ಯಾಚ್‌ಮೇಟ್ ಕಥೆ. ಅವನ ಎತ್ತರ 178 ಸೆಂ.ಮೀ., ಅದನ್ನ ನಾನು ಲೆಕ್ಕಕ್ಕೇ ತಗೊಂಡಿರಲಿಲ್ಲ. ಹಳೇ ರಿಪೋರ್ಟ್ ಅವನೇ ಹುಡುಕಿ ತಂದ: 4.05. ಅಲ್ಲಿಂದ 3.6. ಅಂದ್ರೆ 450 ಹೋಗಿದೆ, ನನಗಿಂತ 40 ಜಾಸ್ತಿ. ಕಾಗದ ನೋಡ್ತಾ ಸುಮಾರು ಹೊತ್ತು ಮಾತೇ ಆಡಲಿಲ್ಲ. ಬೀಡಿ ಬಿಟ್ಟಿದ್ದಾನೆ ಅಂತ ಹೇಳಲ್ಲ, ಠಾಣೆಯೊಳಗೆ ಸೇದೋದು ಬಿಟ್ಟಿದ್ದಾನೆ.

ಆಮೇಲೆ ಎರಡೂ ಕ್ಯಾಂಪಿನಲ್ಲಿ ಊದಿದ್ದ ಬೇರೆಯವರನ್ನೂ ಕೇಳಿದೆ, ಇಷ್ಟ ಇದ್ದವರು ತೋರಿಸಿದ್ರು. ಟೆಂಡರ್ ಮೇಲೆ ಹೋಗೋರು ಹೆಚ್ಚುಕಡಿಮೆ ಎಲ್ಲರದೂ ಚೆನ್ನಾಗಿ ಇಳಿದಿದೆ. ಕಂಟ್ರೋಲ್ ರೂಮಿನಲ್ಲಿ ಫೋನ್ ಹಿಡಿಯೋ ಇಬ್ಬರದು ಅಷ್ಟೇನೂ ಇಳಿದಿಲ್ಲ. ಯಂತ್ರದ ತಪ್ಪಾಗಿದ್ರೆ ಅವರದೂ ಇಳೀಬೇಕಿತ್ತಲ್ವಾ ಡಾಕ್ಟ್ರೇ?

ನನ್ನ ರಿಪೋರ್ಟು: ಮೈಸೂರಲ್ಲಿ ಮಾಡಿಸಿದೆ, ಊದಿಸಿದ ಹುಡುಗಿ "ಊದಿ ಊದಿ ಊದಿ, ಇನ್ನೂ ಊದಿ" ಅಂತ ಕಿರುಚಿ ಕಿರುಚಿ ಕಣ್ಣು ಕತ್ತಲೆ ಬರೋ ಹಂಗೆ ಮಾಡಿದ್ಲು. ಔಷಧಿಗೆ ಮೊದಲು 2.58, ಪಂಪ್ ಕೊಟ್ಟ ಮೇಲೆ 2.91. ಆಲ್ಫಾ-1 ಆಂಟಿಟ್ರಿಪ್ಸಿನ್ 138, ಸಿಆರ್‌ಪಿ ನಾರ್ಮಲ್. ಇಯೊಸಿನೊಫಿಲ್ 540. ಟ್ರೈಗ್ಲಿಸರೈಡ್ 212, ಇದಕ್ಕೆ ಹೆಂಡತಿಯಿಂದ ಬೈಸಿಕೊಂಡಾಯ್ತು.

ಹಳೇ ಹುಲಿ ಸರ್, ಡ್ಯಾಂಪಿಂಗ್ ಡೌನ್ ಬಗ್ಗೆ ನೀವು ಬರೆದಿದ್ದನ್ನ ಠಾಣೆಯಲ್ಲಿ ಜೋರಾಗಿ ಓದಿದೆ. ಎಲ್ಲರೂ ನಕ್ಕರು, ನಮ್ಮ ಸಾಹೇಬರು ನಗಲಿಲ್ಲ. ಈಗ ಟೆಂಡರಿನಲ್ಲಿ ಎನ್-95 ಡಬ್ಬ ಇಟ್ಟಿದ್ದಾರೆ. ಗ್ಯಾಸಿಗೆ ಅದು ಆಗಲ್ಲ ಅಂತ ಗೊತ್ತು, ಬೂದಿ ಕೆದರುವಾಗ ಟವೆಲ್ಲಿಗಿಂತ ವಾಸಿ.

ಮಗನ ಪ್ರಶ್ನೆ ಹಾಗೇ ಉಳೀತು.

ಎದೆರೋಗ ವೈದ್ಯ ಬರೆದದ್ದು:

2.58ರಿಂದ 2.91 ಅಂದರೆ 330 ಮಿ.ಲೀ., ಶೇ. 12ರ ಮೇಲೆ. ಜೊತೆಗೆ ಇಯೊಸಿನೊಫಿಲ್ 540, ಮಾಗಿಯಲ್ಲಿ ಸಿಳ್ಳೆ ಹೊಡೆಯುವ ಅಜ್ಜಿ. ಇದು ಅಸ್ತಮಾ ಇರಬೇಕು, ಹೊಗೆ ಅದನ್ನು ಕೆರಳಿಸುತ್ತಿದೆ. ಆಲ್ಫಾ-1 ಚೆನ್ನಾಗಿದೆ, ಆ ಕಡೆ ಇನ್ನು ತಿರುಗಿ ನೋಡಬೇಡಿ. ವಂಶದಲ್ಲಿ ಬಂದದ್ದು ಇಲ್ಲವೆಂದಲ್ಲ, ಅಸ್ತಮಾ ಮನೆತನಗಳಲ್ಲಿ ಹರಿಯುತ್ತದೆ. ಆದರೆ ಅದಕ್ಕೆ ಜೀನ್ ಪರೀಕ್ಷೆ ಬೇಡ, ಇನ್‌ಹೇಲರ್ ಬೇಕು. ಹತ್ತಿರದ ಎದೆರೋಗ ತಜ್ಞರನ್ನು ಕಂಡು ಸ್ಟಿರಾಯ್ಡ್ ಇರುವ ಇನ್‌ಹೇಲರ್ ಬಗ್ಗೆ ಮಾತಾಡಿ. "ಅಭ್ಯಾಸ ಆಗಿಬಿಡುತ್ತೆ" ಎಂದು ಯಾರಾದರೂ ಹೆದರಿಸಿದರೆ ಕೇಳಬೇಡಿ. ಅದಕ್ಕೂ ಮೊದಲು ಮಲ ಪರೀಕ್ಷೆ ಮಾಡಿಸಿ, ನಮ್ಮ ಕಡೆ ಜಂತುಹುಳು, ಫೈಲೇರಿಯಾದಿಂದಲೂ ಇಯೊಸಿನೊಫಿಲ್ ಏರುತ್ತದೆ. ತಜ್ಞರಿಗೆ ಅನುಮಾನ ಬಂದರೆ ಫೈಲೇರಿಯಾಕ್ಕೆ ಬೇರೆ ರಕ್ತ ಪರೀಕ್ಷೆ ಬರೆಯುತ್ತಾರೆ.

ಕಂಟ್ರೋಲ್ ರೂಮಿನ ಇಬ್ಬರ ಬಗ್ಗೆ ನಿಮ್ಮ ತರ್ಕ ಸರಿಯಾಗಿದೆ. ಇಬ್ಬರೇ ಆದ್ದರಿಂದ ಅದರ ಮೇಲೆ ಕಟ್ಟಡ ಕಟ್ಟಲಾಗದು, ಆದರೆ ಠಾಣೆಯವರ ಅಂಕಿಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪ್ರತಿ ವರ್ಷ ಅದೇ ಯಂತ್ರ, ಅದೇ ತಿಂಗಳು, ಸಾಧ್ಯವಾದರೆ ಊದಿಸಲು ಅದೇ ಹುಡುಗಿ. ನಿಮ್ಮ ಬ್ಯಾಚ್‌ಮೇಟ್‌ಗೂ ಔಷಧಿ ಕೊಟ್ಟು ಊದಿಸಬೇಕು, ನಿಮಗಿಂತ ಆತನ ಬಗ್ಗೆ ನನಗೆ ಹೆಚ್ಚು ಚಿಂತೆ.

ಮಗನಿಗೆ ಬೇಡ ಅನ್ನಲು ಈ ಯಾವ ರಿಪೋರ್ಟಿನಲ್ಲೂ ಕಾರಣವಿಲ್ಲ. ಚಳಿಗೆ, ಓಡಿದಾಗ ಕೆಮ್ಮು ಬರುತ್ತದೆಯೇ ಕೇಳಿ. ಕೆಲಸಕ್ಕೆ ಸೇರುವ ಮೊದಲು, ಒಂದೇ ಒಂದು ಬೆಂಕಿಗೂ ಹೋಗುವ ಮೊದಲು, ಒಂದು ಒಳ್ಳೆಯ ಸ್ಪೈರೊಮೆಟ್ರಿ ಮಾಡಿಸಿ ಆ ಕಾಗದ ಲ್ಯಾಮಿನೇಟ್ ಮಾಡಿಸಿಡಿ.